ಬಿಸಿಯೂಟದ 160 ತತ್ತಿ: ಸಿಪ್ಪೆ ಅಂಟದಂತೆ ಕುದಿಸೋದು ಹೇಗೆ?

ಗುರುಮಠಕಲ್ ಹುಡುಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮವ್ವ ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಆಕೆಯ ಪರವಾಗಿ ಕೇಳುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲೇ ಮೊದಲು ಶಾಲೆ ಮಕ್ಕಳಿಗೆ ತತ್ತಿ ಕೊಡೋದು ಶುರುವಾಯಿತು, ನೆನಪಿದೆ ಅಲ್ವಾ? ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವೂ ಸೇರಿ ವಾರಕ್ಕೆ ಆರು ದಿನ ಆಗಿದೆ. ಮಕ್ಕಳಿಗೆ ಒಳ್ಳೆಯದೇ ಆಯಿತು. ಅವ್ವನೂ ಹಾಗೇ ಹೇಳುತ್ತಾಳೆ.

ಆದರೆ ಸುಲಿಯುವುದು ಆಕೆಯ ಕೈಗೆ ಬಿದ್ದಿದೆ. ತತ್ತಿ ಬದಲು ಬಾಳೆಹಣ್ಣು ತಗೊಳ್ಳುವ ಮಕ್ಕಳನ್ನು ಬಿಟ್ಟು ದಿನಾ 160 ತತ್ತಿ. ಇನ್ನೊಬ್ಬರು ಅನ್ನ ಸಾರು ನೋಡಿಕೊಳ್ಳುತ್ತಾರೆ. ಸುಲಿಯೋದಕ್ಕೇ ಒಂದೂವರೆ ತಾಸು ಹಿಡಿಯುತ್ತದೆ. ಸಿಪ್ಪೆ ಚೂರುಚೂರಾಗಿ ಬರುತ್ತದೆ, ಅದರ ಜೊತೆ ಬಿಳಿ ಭಾಗವೂ ಕಿತ್ತು ಬರುತ್ತದೆ. ಹುಡುಗರ ತಟ್ಟೆಗೆ ಅರ್ಧ ಇಲಿ ತಿಂದಂತಿರುವ ತತ್ತಿ ಹಾಕಲು ಆಕೆಗೆ ಮನಸ್ಸು ಬರುವುದಿಲ್ಲ.

ನಿನ್ನೆ ಸಂಜೆ ರೊಟ್ಟಿ ಬಡಿಯುವಾಗ ಆಕೆಯ ಕೈ ನೋಡಿದೆ. ಬಲಗೈ ಹೆಬ್ಬೆರಳಿನ ಉಗುರು ಸಂದಿಯಲ್ಲಿ ಸಿಪ್ಪೆ ಚೂರು ಹೊಕ್ಕು ಕೆಂಪಗೆ ಬಾತಿತ್ತು. ಹಿಟ್ಟಿಗೆ ತಾಗಬಾರದು ಅಂತ ಆ ಬೆರಳನ್ನು ಮೇಲೆತ್ತಿಕೊಂಡು ನಾಲ್ಕೇ ಬೆರಳಲ್ಲಿ ಬಡಿಯುತ್ತಿದ್ದಳು. ಅದಕ್ಕೇ ಕೇಳುತ್ತಿದ್ದೇನೆ.

ಈಗ ಮಾಡುವ ರೀತಿ: ದೊಡ್ಡ ಬೋಗುಣಿಗೆ ತಣ್ಣೀರು, ಎಲ್ಲ ತತ್ತಿ, ಒಂದು ಹಿಡಿ ಉಪ್ಪು. ಒಲೆ ಹಚ್ಚಿ ಸುಮಾರು 25 ನಿಮಿಷ ಕುದಿಸುತ್ತಾಳೆ. ಆಮೇಲೆ ಟ್ಯಾಂಕಿನ ನೀರು ಸುರಿದು ಸುಲಿಯಲು ಕೂರುತ್ತಾಳೆ. ಎಲ್ಲಿ ತಪ್ಪುತ್ತಿದೆ?

ಭಾಲ್ಕಿ ಅಕ್ಕ · ಭಾನುವಾರ ರಾತ್ರಿ

ತಣ್ಣೀರಲ್ಲಿ ಹಾಕೋದೇ ತಪ್ಪು ತಮ್ಮಾ. ನಾನೂ ಮದುವೆಯಾಗಿ ಹತ್ತು ವರ್ಷ ಹಾಗೇ ಮಾಡಿದೆ. ನೀರು ಮೊದಲು ಕೊತಕೊತ ಕುದಿಯಬೇಕು, ಆಮೇಲೆ ತತ್ತಿ ಇಳಿಸಬೇಕು. 11–12 ನಿಮಿಷ ಸಾಕು. ಹೀಗೆ ಮಾಡಲು ಶುರು ಮಾಡಿದ ಮೇಲೆ ನಮ್ಮನೆಯಲ್ಲಿ ಹತ್ತಕ್ಕೆ ಒಂಬತ್ತು ತತ್ತಿ ಸಲೀಸಾಗಿ ಬಿಡುತ್ತವೆ.

ಇನ್ನೂ ಸುಲಭ ಬೇಕಾದರೆ ಆವಿ. ಇಡ್ಲಿ ಪಾತ್ರೆಯಲ್ಲಿ ಎರಡು ಲೋಟ ನೀರು ಕುದಿಸಿ, ಮೇಲಿನ ತಟ್ಟೆಯಲ್ಲಿ ತತ್ತಿ ಇಟ್ಟು ಮುಚ್ಚಳ ಮುಚ್ಚಿ 12 ನಿಮಿಷ ಬಿಡುತ್ತೇನೆ. ನೀರೂ ಉಳಿಯುತ್ತದೆ, ಗ್ಯಾಸೂ ಉಳಿಯುತ್ತದೆ.

ಶಹಾಬಜಾರ್ ಮನೆ · ಭಾನುವಾರ ರಾತ್ರಿ

ಕುದಿಯುವ ನೀರಿಗೆ ಹಾಕಿದರೆ ತತ್ತಿ ಒಡೆಯುತ್ತದೆ ಅಲ್ವಾ? ಬಿಳಿ ಎಲ್ಲ ಹೊರಗೆ ಬಂದು ಬಾಲದಂತೆ ನೇತಾಡುತ್ತದೆ. ನಾನು ಅಡುಗೆ ಸೋಡಾ ಹಾಕುತ್ತೇನೆ. ಕೆಲವರು ವಿನೆಗರ್ ಅಂತಾರೆ.

ಭಾಲ್ಕಿ ಅಕ್ಕ · ಭಾನುವಾರ ರಾತ್ರಿ

ಫ್ರಿಜ್‌ನಿಂದ ತೆಗೆದು ನೇರ ಹಾಕಿದರೆ ಒಡೆಯುತ್ತದೆ. ಹೊರಗಿಟ್ಟ ತತ್ತಿ ಅಷ್ಟಾಗಿ ಒಡೆಯೋದಿಲ್ಲ. ಮೇಲಿನಿಂದ ಬೀಳಿಸಬೇಡಿ. ಭಜಿ ತೆಗೆಯುವ ಜಾಲರಿಯಲ್ಲಿಟ್ಟು ನಿಧಾನಕ್ಕೆ ತಳ ಮುಟ್ಟಿಸಿ. ಮುಟ್ಟಿದ ಮೇಲೆ ಉರಿ ಸ್ವಲ್ಪ ಇಳಿಸಿ. ನೀರು ಕುಣಿಯುತ್ತಿದ್ದರೆ ಒಂದಕ್ಕೊಂದು ಬಡಿದುಕೊಂಡು ಬಿರುಕು ಬಿಡುತ್ತವೆ. ಉಪ್ಪು ಇರಲಿ. ಸಿಪ್ಪೆ ಸಡಿಲ ಆಗೋದಕ್ಕಲ್ಲ, ಬಿರುಕು ಬಿಟ್ಟರೆ ಒಸರಿದ ಬಿಳಿ ಅಲ್ಲೇ ಬೇಗ ಗಟ್ಟಿಯಾಗಲಿ ಅಂತ.

ನಂದಿನಗರ ವಿದ್ಯಾರ್ಥಿ · ಸೋಮವಾರ ಬೆಳಿಗ್ಗೆ

ಬೀದರಿನ ಪಶು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಯಾಕೆ ಅಂಟುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಾರಣ ಗೊತ್ತಾದರೆ ದಾರಿ ತಾನೇ ಕಾಣುತ್ತದೆ.

ಸಿಪ್ಪೆಯ ಒಳಗೆ ಒಂದಕ್ಕೊಂದು ಅಂಟಿದ ಎರಡು ತೆಳು ಪೊರೆಗಳಿರುತ್ತವೆ. ಸಿಪ್ಪೆ ನೇರವಾಗಿ ಬಿಳಿಗೆ ಅಂಟೋದಿಲ್ಲ, ಒಳಗಿನ ಪೊರೆ ಅಂಟುತ್ತದೆ. ಇವತ್ತು ಇಟ್ಟ ತತ್ತಿಯ ಬಿಳಿಯ ಪಿಎಚ್ (ಹುಳಿ, ಕ್ಷಾರ ಎಷ್ಟು ಅಂತ ಹೇಳುವ ಅಳತೆ) ಸುಮಾರು 7.6 ಇರುತ್ತದೆ. ಸಿಪ್ಪೆಯಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳ ಮೂಲಕ ಕಾರ್ಬನ್ ಡೈಆಕ್ಸೈಡ್ ದಿನದಿನಕ್ಕೆ ಹೊರಗೆ ಹೋಗುತ್ತದೆ. ಆಗ ಪಿಎಚ್ ಏರುತ್ತಾ 9ರ ಮೇಲೆ ಹೋಗುತ್ತದೆ. ಕಡಿಮೆ ಇದ್ದಾಗ ಬೆಂದ ಬಿಳಿ ಪೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಏರಿದ ಮೇಲೆ ಬಿಡುತ್ತದೆ. ತಾಜಾ ತತ್ತಿ ಅಂಟೋದು ಅದಕ್ಕೇ.

ಎರಡನೆಯದು ಬಿಸಿ ಏರುವ ವೇಗ. ತಣ್ಣೀರಲ್ಲಿಟ್ಟು ನಿಧಾನ ಕಾಯಿಸಿದರೆ ಬಿಳಿಯ ಪ್ರೋಟೀನ್ ಪೊರೆಯ ಜೊತೆ ಬೆಸೆದುಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಕುದಿನೀರು ಅಥವಾ ಆವಿ ತಾಗಿದರೆ ಹೊರ ಪದರ ತಟ್ಟನೆ ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ, ಪೊರೆಗೆ ಅಂಟುವುದು ಕಡಿಮೆ. ಬಿಳಿ 62 ಡಿಗ್ರಿ ಹತ್ತಿರ ಹೆಪ್ಪುಗಟ್ಟಲು ಶುರು ಮಾಡುತ್ತದೆ, 80 ದಾಟಿದಾಗ ಪೂರ್ತಿ ಗಟ್ಟಿ.

ಸೋಡಾ ನಾನೂ ಹಾಕಿ ನೋಡಿದ್ದೇನೆ. ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ, ವಾಸನೆ ಮಾತ್ರ ಉಳಿಯಿತು. ವಿನೆಗರ್ ಹುಳಿ, ಸಿಪ್ಪೆಯ ಸುಣ್ಣವನ್ನು ಹೊರಗಿನಿಂದ ತುಸು ಕರಗಿಸುತ್ತದೆ ಅಷ್ಟೇ. ಪೊರೆಯ ಅಂಟು ಅದರಿಂದ ಬಿಡೋದಿಲ್ಲ.

25 ನಿಮಿಷ ಜಾಸ್ತಿ ಆಯಿತು. ಹಳದಿಯ ಸುತ್ತ ಹಸಿರು ಉಂಗುರ ಬರುತ್ತಿದೆಯಾ? ಬಿಳಿಯ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಆಗುವ ಬಣ್ಣ ಅದು. ತಿಂದರೆ ತೊಂದರೆ ಇಲ್ಲ. ಆದರೆ ಹೆಚ್ಚು ಬೆಂದಿದೆ ಅಂತ ಅದರ ಅರ್ಥ.

ಗುರುಮಠಕಲ್ ಹುಡುಗ · ಸೋಮವಾರ ಬೆಳಿಗ್ಗೆ

ಹಸಿರು ಉಂಗುರ ದಿನಾ ಬರುತ್ತದೆ. ಕೆಲವು ಹುಡುಗರು ಕೆಟ್ಟಿದೆ ಅಂತ ಹಳದಿ ಬಿಟ್ಟು ಏಳುತ್ತಾರಂತೆ. ಇವತ್ತೇ ಅವ್ವನಿಗೆ ಕುದಿನೀರಿಗೆ ಹಾಕಲು ಹೇಳುತ್ತೇನೆ.

ಚಿಂಚೋಳಿ ಜವಾರಿ ಕೋಳಿ · ಸೋಮವಾರ ಮಧ್ಯಾಹ್ನ

ತಾಜಾ ತತ್ತಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಹದಿನಾಲ್ಕು ಜವಾರಿ ಕೋಳಿ ಇವೆ. ಬೆಳಿಗ್ಗೆ ಬುಟ್ಟಿಯಿಂದ ಬೆಚ್ಚಗೆ ತೆಗೆದ ತತ್ತಿಯನ್ನು ಹೇಗೇ ಕುದಿಸಿದರೂ ಸಿಪ್ಪೆ ಬಿಡೋದಿಲ್ಲ. ಅದನ್ನು ಆಮ್ಲೆಟ್ ಮಾಡುತ್ತೇವೆ, ಇಲ್ಲ ಸಾರಿಗೆ ಒಡೆದು ಬಿಡುತ್ತೇವೆ. ಕುದಿಸೋದಕ್ಕೆ ಅಂತ ಬೇರೆ ಡಬ್ಬಿ ಇದೆ. ಇಟ್ಟ ದಿನವನ್ನು ಪೆನ್ಸಿಲ್‌ನಲ್ಲಿ ಸಿಪ್ಪೆ ಮೇಲೆ ಬರೆಯುತ್ತೇನೆ. ಐದು ದಿನ ಆಗುವ ತನಕ ಮುಟ್ಟೋದಿಲ್ಲ.

ವಯಸ್ಸು ಗೊತ್ತಿಲ್ಲದಿದ್ದರೆ ನೀರಲ್ಲಿ ಬಿಡಿ. ಅಡ್ಡ ಮಲಗಿದರೆ ತಾಜಾ. ತಳದಲ್ಲೇ ನೆಟ್ಟಗೆ ನಿಂತರೆ ಕುದಿಸಲು ಸರಿಯಾದದ್ದು. ತೇಲಿದರೆ ಬೇಡ.

ಗುರುಮಠಕಲ್ ಹುಡುಗ · ಸೋಮವಾರ ರಾತ್ರಿ

ಇವತ್ತು ಮಾಡಿ ನೋಡಿದಳು. ಅಂದುಕೊಂಡಂತೆ ಆಗಲಿಲ್ಲ. ನೀರು ಚೆನ್ನಾಗಿ ಕುದಿ ಬಂದ ಮೇಲೇ ಹಾಕಿದ್ದಾಳೆ. ಅರ್ಧಕ್ಕರ್ಧ ಮತ್ತೆ ಅಂಟಿಕೊಂಡವು. 12 ನಿಮಿಷಕ್ಕೆ ತೆಗೆದರೆ ಕೆಲವುದರ ಹಳದಿ ಇನ್ನೂ ಹಸಿ ಇತ್ತು, ಮತ್ತೆ ಒಲೆಗೆ ಇಡಬೇಕಾಯಿತು. ಊಟ ತಡವಾಯಿತು. "ನಿಮ್ಮ ಫೋನಿನ ಮಾತು ನಿಮ್ಮ ಮನೆಗೇ ಸರಿ" ಅಂದಳು ನನಗೆ. ಬೇಜಾರಾಯಿತು.

ಅಂಡಾ ಗಾಡಿ, ಕಲಬುರಗಿ · ಸೋಮವಾರ ರಾತ್ರಿ

ಎಷ್ಟು ತತ್ತಿ ಒಂದೇ ಸಲಕ್ಕೆ ಹಾಕಿದರು?

ಗುರುಮಠಕಲ್ ಹುಡುಗ · ಸೋಮವಾರ ರಾತ್ರಿ

160ನ್ನೂ.

ಅಂಡಾ ಗಾಡಿ, ಕಲಬುರಗಿ · ಸೋಮವಾರ ರಾತ್ರಿ

ಅಲ್ಲೇ ಆಗಿದ್ದು. ಸೂಪರ್ ಮಾರ್ಕೆಟ್ ಹತ್ತಿರ ಸಂಜೆ ಗಾಡಿ ಹಾಕಿ ಹದಿನಾಲ್ಕು ವರ್ಷ ಆಯಿತು. ದಿನಾ ಐದು ಟ್ರೇ, ಒಂದು ಟ್ರೇಗೆ 30. ಐದನ್ನೂ ಒಟ್ಟಿಗೆ ಯಾವತ್ತೂ ಹಾಕೋದಿಲ್ಲ. ತತ್ತಿ ಇಳಿಸಿದ ಕೂಡಲೇ ನೀರಿನ ಕುದಿ ನಿಂತು ಹೋಗುತ್ತದೆ. ಗುಳ್ಳೆ ಮತ್ತೆ ಏಳಲು ಹತ್ತು ನಿಮಿಷ ಹಿಡಿಯಿತು ಅಂದರೆ ನೀವು ತಣ್ಣೀರಲ್ಲಿ ಹಾಕಿದಂತೆಯೇ. ನಾನು ಒಂದು ಟ್ರೇ ಹಾಕುತ್ತೇನೆ. ನೋಡನೋಡುತ್ತಿದ್ದಂತೆ ಗುಳ್ಳೆ ಏಳಬೇಕು. ಅಷ್ಟು ಬೇಗ ಏಳದಿದ್ದರೆ ಇನ್ನೂ ಕಡಿಮೆ ಹಾಕಬೇಕು ಅಂತ ಲೆಕ್ಕ.

ಅಮ್ಮನಿಗೆ ಹೇಳಿ, ಆಕೆಯದು ತಪ್ಪಲ್ಲ. ಮನೆಯ ಆರು ತತ್ತಿಯ ಲೆಕ್ಕವನ್ನು ನಾವು 160ಕ್ಕೆ ಹಾಗೇ ಹೇಳಿಬಿಟ್ಟೆವು.

ಸೇಡಂ ಲೆಕ್ಕದ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಗಾಡಿಯವರು ಕಣ್ಣಲ್ಲಿ ಅಳೆದದ್ದನ್ನು ನಾನು ಕಾಗದದ ಮೇಲೆ ಅಳೆದು ನೋಡಿದೆ. ಬೋಗುಣಿಯಲ್ಲಿ 15 ಲೀಟರ್ ನೀರು ಅಂದುಕೊಳ್ಳೋಣ. ಒಂದು ತತ್ತಿ 53 ಗ್ರಾಂ ಅಂದರೆ 160ಕ್ಕೆ ಸುಮಾರು 8.5 ಕಿಲೋ. ತತ್ತಿ 30 ಡಿಗ್ರಿ, ನೀರು 98. ಎರಡೂ ಸೇರಿ ಸಮ ಆದರೆ ನೀರು 78 ಡಿಗ್ರಿಗೆ ಇಳಿಯುತ್ತದೆ. ಅಲ್ಲಿಂದ ಇಷ್ಟು ಭಾರವನ್ನು ಮತ್ತೆ ಕುದಿಗೆ ತರಬೇಕು ಅಂದರೆ ಒಂದು ಒಲೆಗೆ ಭಾಳ ಹೊತ್ತು ಬೇಕು. ಅದೇ 40 ತತ್ತಿ ಹಾಕಿದರೆ 91ಕ್ಕೆ ಮಾತ್ರ ಇಳಿಯುತ್ತದೆ. ಒಲೆಯ ಉರಿ ಅದನ್ನು ಬೇಗ ಎತ್ತಿಕೊಳ್ಳುತ್ತದೆ.

40ರಂತೆ ನಾಲ್ಕು ಸಲ. ಅದೇ ನೀರು, ಅದೇ ಒಲೆ. ಪ್ರತಿ ಸಲ ಗುಳ್ಳೆ ಮತ್ತೆ ಎದ್ದ ಮೇಲೆ 11 ನಿಮಿಷ ಎಣಿಸಲಿ.

98 ಅಂದದ್ದು ಯಾಕೆ ಅಂದರೆ ನಮ್ಮ ಊರುಗಳು ಸಮುದ್ರ ಮಟ್ಟದಿಂದ ಎತ್ತರದಲ್ಲಿವೆ. ಸುಮಾರು 300 ಮೀಟರ್‌ಗೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಕಲಬುರಗಿ 450 ಮೀಟರ್ ಆಸುಪಾಸು. ಬೀದರ್ ಇನ್ನೂ ಎತ್ತರ. ಭಾಲ್ಕಿ ಅಕ್ಕನವರು ಅರ್ಧ ನಿಮಿಷ ಹೆಚ್ಚು ಇಟ್ಟರೆ ನಷ್ಟವಿಲ್ಲ.

ಶಹಾಬಜಾರ್ ಮನೆ · ಮಂಗಳವಾರ ಬೆಳಿಗ್ಗೆ

ನಾಲ್ಕು ಸಲ ಅಂದರೆ ಒಂದು ತಾಸಿನ ಕೆಲಸ ಆಯಿತಲ್ಲ. ಅಡುಗೆಯವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಗ್ಯಾಸೂ ಜಾಸ್ತಿ.

ಅಂಡಾ ಗಾಡಿ, ಕಲಬುರಗಿ · ಮಂಗಳವಾರ ಮಧ್ಯಾಹ್ನ

ಸುಮ್ನೆ ಕಾಯುತ್ತಾ ಕೂರೋದಿಲ್ಲ ಅಕ್ಕಾ. ಎರಡನೇ ಟ್ರೇ ಕುದಿಯುವಾಗ ಮೊದಲನೆಯದು ತಣ್ಣಗಾಗುತ್ತದೆ. ಮೂರನೆಯದು ಕುದಿಯುವಾಗ ಮೊದಲನೆಯದನ್ನು ಸುಲಿಯುತ್ತೇನೆ. ಗ್ಯಾಸೂ ಅವರು ಈಗ ಉರಿಸುವುದಕ್ಕಿಂತ ತೀರಾ ಹೆಚ್ಚಾಗಲಾರದು. ಅಷ್ಟು ದೊಡ್ಡ ಬೋಗುಣಿ ತಣ್ಣೀರಿನಿಂದ ಕುದಿಗೆ ಬಂದು, ಮೇಲೆ 25 ನಿಮಿಷ ಅಂದರೆ ಅದೇನು ಕಡಿಮೆಯಾ?

ಇನ್ನು ತಣ್ಣಗೆ ಮಾಡೋದು. ಇದನ್ನು ಯಾರೂ ಹೇಳಲಿಲ್ಲ, ನಮ್ಮ ಕಡೆ ಇದೇ ದೊಡ್ಡದು. ಟ್ಯಾಂಕಿನ ನೀರು ಅಂದಿರಿ. ಮಾರ್ಚ್ ತಿಂಗಳು, ಹನ್ನೊಂದು ಗಂಟೆಗೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸ್ನಾನದ ನೀರಿನಷ್ಟು ಬಿಸಿ. ಅದರಲ್ಲಿ ತತ್ತಿ ತಣ್ಣಗಾಗೋದಿಲ್ಲ, ಒಳಗೇ ಬೇಯುತ್ತಾ ಇರುತ್ತದೆ. ಹಸಿರು ಉಂಗುರಕ್ಕೆ ಅದೂ ಒಂದು ಕಾರಣ. ನಾನು ಹಿಂದಿನ ರಾತ್ರಿಯೇ ರಂಜಣಗಿ, ಅಂದರೆ ನೀರಿನ ದೊಡ್ಡ ಮಣ್ಣಿನ ಗಡಿಗೆ, ತುಂಬಿಡುತ್ತೇನೆ. ಒದ್ದೆ ಗೋಣಿ ಸುತ್ತಿ ನೆರಳಲ್ಲಿ ಇಡುತ್ತೇನೆ. ಮೊದಲು ಟ್ಯಾಂಕಿನ ನೀರಲ್ಲಿ ಒಂದು ಸಲ ಅದ್ದಿ ಮೇಲಿನ ಬಿಸಿ ತೆಗೆಯಿರಿ, ಆ ನೀರು ಚೆಲ್ಲಿ. ಆಮೇಲೆ ರಂಜಣಗಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಏಪ್ರಿಲ್, ಮೇದಲ್ಲಿ ನಾನು ಒಂದು ತುಂಡು ಬರ್ಫ ತರುತ್ತೇನೆ.

ಸುಲಿಯುವಾಗ ತತ್ತಿಯ ದಪ್ಪ ತುದಿ ಹುಡುಕಿ. ಅಲ್ಲಿ ಗಾಳಿ ಗುಳ್ಳೆ ಇರುತ್ತದೆ. ಆ ತುದಿಯನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿ, ಅಂಗೈ ಕೆಳಗೆ ಇಟ್ಟು ಒಂದು ಸುತ್ತು ಉರುಳಿಸಿ. ಸಿಪ್ಪೆ ಬಲೆಯಂತೆ ಬಿರಿಯುತ್ತದೆ. ಈಗ ನೀರೊಳಗೆ ಹಿಡಿದು ದಪ್ಪ ತುದಿಯಲ್ಲಿ ಪೊರೆಯನ್ನೇ ಹಿಡಿಯಿರಿ, ಸಿಪ್ಪೆಯನ್ನಲ್ಲ. ಪೊರೆ ಸಿಕ್ಕರೆ ಸಿಪ್ಪೆ ಅದರ ಬೆನ್ನಿಗೆ ಬರುತ್ತದೆ. ನೀರು ಸಂದಿಗೆ ನುಗ್ಗಿ ಎತ್ತಿಕೊಡುತ್ತದೆ. ಉಗುರು ಹಾಕುವ ಕೆಲಸವೇ ಇಲ್ಲ, ಹೆಬ್ಬೆರಳಿನ ಮೆತ್ತನೆ ಭಾಗ ಸಾಕು. ಅಮ್ಮನಿಗೆ ಇದೊಂದನ್ನು ಖಂಡಿತ ತೋರಿಸಿ.

ನಂದಿನಗರ ವಿದ್ಯಾರ್ಥಿ · ಮಂಗಳವಾರ ರಾತ್ರಿ

ಗಾಡಿಯಣ್ಣ ಹೇಳಿದ ಪೊರೆ ಹಿಡಿಯುವ ಮಾತು ನಮ್ಮ ಪುಸ್ತಕದಲ್ಲಿ ಇಲ್ಲ, ಆದರೆ ಪೂರ್ತಿ ಸರಿ.

ತತ್ತಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳಿ. ಬಂದ ದಿನವೇ ಕುದಿಸಬೇಡಿ. ಹಳೆಯ ಟ್ರೇ ಮೊದಲು, ಹೊಸದು ಆಮೇಲೆ. ನಮ್ಮ ಬಿಸಿಲಲ್ಲಿ ಹೊರಗಿಟ್ಟ ತತ್ತಿ ಮೂರು ನಾಲ್ಕು ದಿನಕ್ಕೇ ಸುಲಿಯುವ ಹದಕ್ಕೆ ಬರುತ್ತದೆ. ಅದೇ ಬಿಸಿಲಿಗೆ ಬೇಗ ಕೆಡುತ್ತದೆ ಕೂಡ. ಹಾಗಾಗಿ ಹಳೆಯದಾದಷ್ಟೂ ಒಳ್ಳೆಯದು ಅಂತ ಎರಡು ವಾರ ಇಡುವುದು ಬೇಡ. ಬೇಸಿಗೆಯಲ್ಲಿ ವಾರದೊಳಗೆ ಮುಗಿಯಲಿ. ಟ್ರೇಗಳನ್ನು ಒಲೆ ಪಕ್ಕ ಇಡಬೇಡಿ.

ಸುಲಿದ ತತ್ತಿಯನ್ನು ಈ ಸೆಕೆಯಲ್ಲಿ ಒಂದು ತಾಸಿಗಿಂತ ಹೆಚ್ಚು ಹೊರಗಿಡಬಾರದು. ಮೊದಲು ಸುಲಿದದ್ದನ್ನು ಮೊದಲು ಬಡಿಸಲಿ. ತೊಳೆದ ಪಾತ್ರೆ, ಮುಚ್ಚಳ. ಸುಲಿಯುವ ನೀರನ್ನು ಪ್ರತಿ ಸರದಿಗೆ ಬದಲಿಸಲಿ. ಮಕ್ಕಳ ಹೊಟ್ಟೆಯ ವಿಷಯ, ಇದರಲ್ಲಿ ಮಾತ್ರ ಅವಸರ ಬೇಡ.

ಭಾಲ್ಕಿ ಅಕ್ಕ · ಬುಧವಾರ ಬೆಳಿಗ್ಗೆ

ಒಂದು ಪ್ರಶ್ನೆ. ಆವಿಯಲ್ಲಿ ಮಾಡಿದರೆ ಕುದಿ ನಿಲ್ಲುವ ತೊಂದರೆಯೇ ಇರೋದಿಲ್ಲ ಅಲ್ವಾ? ಶಾಲೆಯಲ್ಲಿ ದೊಡ್ಡ ಇಡ್ಲಿ ಪಾತ್ರೆ ಇದ್ದರೆ?

ಸೇಡಂ ಲೆಕ್ಕದ ಮೇಷ್ಟ್ರು · ಬುಧವಾರ ಬೆಳಿಗ್ಗೆ

ಕಡಿಮೆ ಇರುತ್ತದೆ. ಆವಿ ತತ್ತಿಗೆ ತಾಗಿ ನೀರಾಗುವಾಗ ತನ್ನ ಬಿಸಿಯನ್ನೆಲ್ಲ ಕೊಟ್ಟುಬಿಡುತ್ತದೆ. ಆದರೆ ಒಂದರ ಮೇಲೊಂದು ರಾಶಿ ಹಾಕಿದರೆ ನಡುವಿನವಕ್ಕೆ ಆವಿ ತಡವಾಗಿ ತಲುಪುತ್ತದೆ. ಒಂದೇ ಪದರ ಇದ್ದರೆ ಚೆನ್ನ. 160ಕ್ಕೆ ಒಂದೇ ಪದರ ಅಂದರೆ ಆ ಪಾತ್ರೆ ಎಲ್ಲಿಂದ ತರೋದು? ಮನೆಗೆ ನಿಮ್ಮ ದಾರಿ, ಶಾಲೆಗೆ ಗಾಡಿಯವರ ದಾರಿ ಅಂತ ನನಗೆ ಅನಿಸುತ್ತದೆ.

ಗುರುಮಠಕಲ್ ಹುಡುಗ · ಶುಕ್ರವಾರ ರಾತ್ರಿ

ನಿನ್ನೆ, ಇವತ್ತು ಎರಡು ದಿನ ಮಾಡಿದಳು. ಇವತ್ತು ನಾನೂ ರಜೆ ಹಾಕಿ ಜೊತೆಗೆ ಹೋಗಿದ್ದೆ.

40ರಂತೆ ನಾಲ್ಕು ಸರದಿ. ಜಾಲರಿಯಲ್ಲಿ ಇಳಿಸಿದೆವು. ಎರಡು ಬಿರುಕು ಬಿಟ್ಟವು ಅಷ್ಟೇ. ಮೊದಲ ಸರದಿ ತೆಗೆದು, ಟ್ಯಾಂಕಿನ ನೀರಲ್ಲಿ ಅದ್ದಿ, ರಂಜಣಗಿ ನೀರಿಗೆ ಹಾಕಿದೆವು. ಅವ್ವ ಒಂದು ತತ್ತಿ ಎತ್ತಿ ದಪ್ಪ ತುದಿ ಕುಟ್ಟಿ, ಅಂಗೈಯಲ್ಲಿ ಉರುಳಿಸಿ, ನೀರೊಳಗೆ ಹೆಬ್ಬೆರಳು ಒತ್ತಿದಳು. ಸಿಪ್ಪೆ ಪೊರೆಯ ಸಮೇತ ಒಂದೇ ಸುರುಳಿಯಾಗಿ ಜಾರಿ ತಳಕ್ಕೆ ಹೋಯಿತು. ತತ್ತಿ ಮೇಲೆ ಒಂದು ಗೀರು ಇರಲಿಲ್ಲ. ಅದನ್ನು ಬೆಳಕಿಗೆ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿದಳು. ಏನೂ ಹೇಳಲಿಲ್ಲ. ಇನ್ನೊಂದು ಎತ್ತಿಕೊಂಡಳು.

ಒಬ್ಬಳೇ ಸುಲಿದರೂ ಸುಲಿಯೋದಕ್ಕೆ ಹಿಡಿದದ್ದು ಒಟ್ಟು 45 ನಿಮಿಷ. ನಾನು ಎಣಿಸಿದೆ, ಅಂಟಿ ಹಾಳಾದವು ಏಳು. ಆ ಏಳೂ ಬುಧವಾರ ಬಂದ ಹೊಸ ಟ್ರೇಯಿಂದ ತಗೊಂಡವು. ಹಸಿರು ಉಂಗುರ ಕಾಣಲಿಲ್ಲ. ಬೆರಳಿನ ಬಾವು ಇಳಿಯುತ್ತಿದೆ.

ಗಾಡಿಯಣ್ಣಾ, ಸೋಮವಾರ ನೀವು "ಆಕೆಯದು ತಪ್ಪಲ್ಲ" ಅಂದದ್ದನ್ನು ಅವ್ವನಿಗೆ ಓದಿ ಹೇಳಿದ್ದೆ. ಮತ್ತೊಮ್ಮೆ ಮಾಡಿ ನೋಡುತ್ತೇನೆ ಅಂದದ್ದು ಅದನ್ನು ಕೇಳಿದ ಮೇಲೆ.

ಆಕೆ ಕೇಳಿದ ಒಂದು ಪ್ರಶ್ನೆ ಇದೆ. ದಿನಾ ಇಷ್ಟು ಸಿಪ್ಪೆ ಬೀಳುತ್ತದೆ. ಶಾಲೆಯ ಕೈತೋಟದ ಬದನೆ, ಮೆಂತ್ಯಕ್ಕೆ ಹಾಕಬಹುದಾ?

ನಂದಿನಗರ ವಿದ್ಯಾರ್ಥಿ · ಶುಕ್ರವಾರ ರಾತ್ರಿ

ಓದಿ ಭಾಳ ಖುಷಿಯಾಯಿತು.

ಸಿಪ್ಪೆ ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣ. ಹುಳಿ ಮಣ್ಣಿಗೆ ಒಳ್ಳೆಯದು. ನಮ್ಮ ಎರೆಮಣ್ಣಲ್ಲಿ ಸಾಮಾನ್ಯವಾಗಿ ಸುಣ್ಣ ಮೊದಲೇ ಬೇಕಾದಷ್ಟಿರುತ್ತದೆ, ಹಾಗಾಗಿ ಗಿಡಕ್ಕೆ ಹೆಚ್ಚೇನೂ ಉಪಯೋಗ ಆಗಲಿಕ್ಕಿಲ್ಲ. ಕೋಳಿಗೆ ಹಾಕಿದರೆ ಉಪಯೋಗ ಇದೆ.

ಚಿಂಚೋಳಿ ಜವಾರಿ ಕೋಳಿ · ಶನಿವಾರ ಬೆಳಿಗ್ಗೆ

ಹೌದು, ನಾನು ಹಾಗೇ ಮಾಡುತ್ತೇನೆ. ತೊಳೆದು, ಬಿಸಿಲಲ್ಲಿ ಎರಡು ದಿನ ಒಣಗಿಸಿ, ಕಬ್ಬಿಣದ ಹಂಚಿನ ಮೇಲೆ ಸ್ವಲ್ಪ ಹುರಿದು ಪುಡಿ ಮಾಡಿ ಜೋಳದ ನುಚ್ಚಿಗೆ ಬೆರೆಸಿ ಹಾಕುತ್ತೇನೆ. ನುಣ್ಣಗೆ ಪುಡಿ ಮಾಡಬೇಕು. ಚೂರು ಗುರುತು ಸಿಗುವಂತಿದ್ದರೆ ಕೋಳಿ ತಾನಿಟ್ಟ ತತ್ತಿಯನ್ನೇ ಕುಕ್ಕಲು ಕಲಿಯುತ್ತದೆ.

ಗುರುಮಠಕಲ್ ಹುಡುಗ · ಶನಿವಾರ ರಾತ್ರಿ

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಒಂಬತ್ತು ಕೋಳಿ ಸಾಕಿದ್ದಾಳೆ. ಅವ್ವ ಇವತ್ತು ಒಂದು ಚೀಲ ಸಿಪ್ಪೆ ತೊಳೆದು ತಂದು ಮಾಳಿಗೆ ಮೇಲೆ ಹರವಿದ್ದಾಳೆ. ಸೋಮವಾರ ಹುರಿದು ಕೊಡುತ್ತಾಳಂತೆ.